ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಬಿಯರ್ ಸ್ಟ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಒಹಾಯೊದಲ್ಲಿ, ಕೊಲಂಬಸ್ ಊರಿನ ಆಚೆ ಅಂಚಿಗೆ. ನಮ್ಮ ಗ್ಯಾರೇಜಿನಲ್ಲಿ ಒಂದು ಕಾರು ನಿಲ್ಲುತ್ತದೆ. ಇನ್ನೊಂದು ಕಾರು ನಿಲ್ಲಬೇಕಾದ ಕಡೆ ನಾನು ಬಿಯರ್ ಮಾಡುವ ಐದಡಿ ಉದ್ದದ ಕಬ್ಬಿಣದ ಸ್ಟ್ಯಾಂಡ್ ಇದೆ: ಎರಡು ತುದಿಗೆ ಎರಡು ಸ್ಟೀಲ್ ಹಂಡೆ, ನಡುವೆ ಒಂದು ಕಿತ್ತಳೆ ಬಣ್ಣದ ಕೂಲರ್, ಅಂದರೆ ಬಿಸಿ ತಂಪು ಹಿಡಿದಿಡುವ ಪ್ಲಾಸ್ಟಿಕ್ ಡಬ್ಬ. ಊಟಕ್ಕೆ ಬಂದ ಕನ್ನಡದವರು ಚಪ್ಪಲಿ ಬಿಡುವ ಮೊದಲೇ ಅದರ ಮುಂದೆ ನಿಂತುಬಿಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಸಾರು ತಣ್ಣಗಾಗುವ ತನಕ ಉತ್ತರ ಹೇಳುವ ಬದಲು ಬರೆದಿಟ್ಟಿದ್ದೇನೆ.

ಇದಕ್ಕೆ ಕಾನೂನು ಒಪ್ಪುತ್ತದಾ? ಊರಿನಲ್ಲೂ ಮಾಡಬಹುದಾ?

ಅಮೆರಿಕದಲ್ಲಿ ಒಪ್ಪುತ್ತದೆ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಮಾರುವಂತಿಲ್ಲ, ಒಂದು ಬಾಟಲಿ ಕೂಡ. ರಾಜ್ಯದ ಕಾನೂನು ಬೇರೆ ಇರುತ್ತದೆ. ಮಿಸ್ಸಿಸಿಪ್ಪಿ, ಅಲಬಾಮ ಎರಡೂ ಒಪ್ಪಿದ್ದು 2013ರಲ್ಲಿ. ಬಟ್ಟಿ ಇಳಿಸುವುದು ಬೇರೆಯೇ ವ್ಯವಹಾರ. ಅದನ್ನು ನನ್ನ ಹತ್ತಿರ ಕೇಳಬೇಡಿ.

ಕರ್ನಾಟಕದಲ್ಲಿ ಆಗುವುದಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ರಜೆಗೆ ಊರಿಗೆ ಹೋದಾಗ ನನ್ನ ಸೋದರಮಾವನ ಮಗ ತೋಟದ ಮನೆಯಲ್ಲಿ ಇಂಥದ್ದೊಂದು ಕಟ್ಟಿಕೊಡು ಅಂತ ಹಠ ಹಿಡಿದಿದ್ದ. ಕಟ್ಟಿಕೊಟ್ಟೆ, ಆದರೆ ಮನೆ ಮದುವೆಗೆ ಅನ್ನ ಬೇಯಿಸುವ ಒಲೆಯಾಗಿ. ಅದಕ್ಕೂ ಇದೇ ಸ್ಟ್ಯಾಂಡ್ ಒಪ್ಪುತ್ತದೆ.

ಸ್ಟ್ಯಾಂಡ್ ಬೇಕೇ ಬೇಕಾ?

ಬೇಡ. ಕೇಳಿದವರಲ್ಲಿ ಹತ್ತಕ್ಕೆ ಎಂಟು ಜನಕ್ಕೆ ನಾನು ಹೇಳುವುದು ಇದೇ. ಒಂದು ದೊಡ್ಡ ಪಾತ್ರೆ, ಒಂದು ಬಟ್ಟೆ ಚೀಲ, ಒಂದು ಒಲೆ ಇದ್ದರೆ ಬಿಯರ್ ಆಗುತ್ತದೆ. ಮೊಳಕೆ ಬಾರ್ಲಿಯ ಒಡೆದ ಕಾಳನ್ನು ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಒಂದು ತಾಸು ನೆನೆಸುವುದು, ಚೀಲ ಎತ್ತಿ ಸೋರಲು ಬಿಡುವುದು, ಉಳಿದ ರಸವನ್ನು ಅದೇ ಪಾತ್ರೆಯಲ್ಲಿ ಕುದಿಸುವುದು. ಆಸ್ಟ್ರೇಲಿಯಾದ ಮನೆ ಬಿಯರಿನವರು ರೂಢಿಗೆ ತಂದ ವಿಧಾನ. ನಮ್ಮಲ್ಲಿ ಪಂಚೆಯಲ್ಲಿ ಗಂಜಿ ಬಸಿದಂತೆಯೇ, ಅಷ್ಟೇ. ಹೀಗೆ ಆರೇಳು ಸಲ ಮಾಡಿ ನೋಡಿ. ಆಮೇಲೂ ಸೊಂಟ ನೋಯುತ್ತಿದ್ದರೆ, ಒಂದು ಸಲಕ್ಕೆ 5 ಗ್ಯಾಲನ್ ಸಾಲುತ್ತಿಲ್ಲ ಅನ್ನಿಸಿದರೆ, ಆಗ ಕಬ್ಬಿಣದ ಅಂಗಡಿಗೆ ಹೋಗಿ. ಮೊದಲೇ ಸ್ಟ್ಯಾಂಡ್ ಕಟ್ಟಿದವರು ಎರಡನೇ ಸ್ಟ್ಯಾಂಡನ್ನೂ ಕಟ್ಟುತ್ತಾರೆ. ನಾನು ಕಟ್ಟಿದ್ದೇನೆ.

ಸ್ಟ್ಯಾಂಡಿನ ಮೇಲೆ ನಡೆಯುವುದಾದರೂ ಏನು?

ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಗೆ ಮಾಲ್ಟ್ ಅನ್ನುತ್ತಾರೆ. ರಾಗಿ ಮೊಳಕೆ ಕಟ್ಟಿ ಮಕ್ಕಳಿಗೆ ಸರಿ ಹಿಟ್ಟು ಮಾಡುವವರಿಗೆ ಇದರ ಗುಟ್ಟು ಹೇಳಬೇಕಿಲ್ಲ: ಮೊಳಕೆಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಇರುತ್ತದೆ. ಒಡೆದ ಮಾಲ್ಟನ್ನು 64ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ತಾಸು ಇಟ್ಟರೆ ಸಿಹಿ ರಸ ಬಿಡುತ್ತದೆ. ಇದು ಮ್ಯಾಶ್. ಆ ರಸ ವರ್ಟ್. ಕಾಳಿನಲ್ಲಿ ಉಳಿದ ಸಿಹಿಯನ್ನು ಇನ್ನಷ್ಟು ಬಿಸಿನೀರು ಹುಯ್ದು ತೊಳೆದುಕೊಳ್ಳುವುದು ಸ್ಪಾರ್ಜ್. ಆಮೇಲೆ ಕಹಿ ಕೊಡುವ ಹಾಪ್ಸ್ ಹೂ ಹಾಕಿ ಒಂದು ತಾಸು ಕುದಿಸಿ, ಬೇಗ ತಣಿಸಿ, ಯೀಸ್ಟ್ ಬೆರೆಸುವುದು. ಬಿಸಿನೀರಿಗೆ ಒಂದು, ಮ್ಯಾಶಿಗೆ ಒಂದು, ಕುದಿಸಲು ಒಂದು ಅಂತ ಮೂರು ಪಾತ್ರೆ. ಈ ಮೂರರ ನಡುವೆ ಬಿಸಿ ದ್ರವವನ್ನು ಕೈಸುಡದೆ ದಾಟಿಸುವ ಏರ್ಪಾಡಿಗೆ ಸ್ಟ್ಯಾಂಡ್ ಅಂತ ಹೆಸರು.

ಹಂಡೆ ಎಷ್ಟು ದೊಡ್ಡದಿರಬೇಕು?

5 ಗ್ಯಾಲನ್ ಬಿಯರಿಗೆ ಕುದಿ ಶುರುವಾಗುವಾಗ ಆರೂವರೆ ಗ್ಯಾಲನ್ ಬೇಕಾಗುತ್ತದೆ, ತಾಸಿಗೆ ಒಂದು ಗ್ಯಾಲನ್ ಹತ್ತಿರ ಆವಿಯಾಗಿ ಹೋಗುತ್ತದೆ. ಮೇಲೆ ಉಕ್ಕಲು ಜಾಗ ಬಿಡಬೇಕು. ಹಾಲು ಉಕ್ಕುವ ಹಾಗೆಯೇ ವರ್ಟ್ ಉಕ್ಕುತ್ತದೆ, ಆ ಕಡೆ ತಿರುಗಿದ ಕ್ಷಣದಲ್ಲಿ. 8 ಗ್ಯಾಲನ್ನಿನ ಪಾತ್ರೆಯಲ್ಲಿ ಕಾವಲು ನಿಲ್ಲಬೇಕು, 10ರದ್ದಾದರೆ ಸಮಾಧಾನ. 10 ಗ್ಯಾಲನ್ ಮಾಡುವ ಯೋಚನೆ ಇದ್ದರೆ 15 ಗ್ಯಾಲನ್ನಿನದು.

ಸ್ಟೀಲಾ, ಅಲ್ಯುಮಿನಿಯಮ್ಮಾ?

ಎರಡೂ ಆಗುತ್ತದೆ. ಅಲ್ಯುಮಿನಿಯಂ ಅಗ್ಗ, ಬೇಗ ಕಾಯುತ್ತದೆ. ಮೊದಲು ಒಂದು ಸಲ ಬರೀ ನೀರು ಕುದಿಸಿ ಒಳಗೆ ಮಂಕು ಬಣ್ಣ ಕೂರಲು ಬಿಡಿ, ಅದನ್ನು ಉಜ್ಜಿ ತೆಗೆಯಬೇಡಿ. ಕಾಸ್ಟಿಕ್ ಸೋಡಾದಂಥ ಕ್ಷಾರದ ಕ್ಲೀನರ್ ಹಾಕಿದರೆ ತಿಂದುಹಾಕುತ್ತದೆ. ಸ್ಟೀಲಿಗೆ ಆ ರಗಳೆ ಇಲ್ಲ.

ಬಿಯರ್ ಕೆಗ್ ಕತ್ತರಿಸಿ ಹಂಡೆ ಮಾಡುತ್ತಾರಂತೆ?

ನನ್ನ ಎರಡೂ ಹಂಡೆಗಳು ಅವೇ. ಕೆಗ್ ಅಂದರೆ ಬಿಯರ್ ತುಂಬುವ ಪೀಪಾಯಿ. ಬಾರುಗಳಿಗೆ ಹೋಗುವ ದೊಡ್ಡ ಕೆಗ್ ಹದಿನೈದೂವರೆ ಗ್ಯಾಲನ್, ಅಂದರೆ 58 ಲೀಟರಿನ ಮೇಲೆ ಹಿಡಿಯುತ್ತದೆ. ಗಟ್ಟಿ ಸ್ಟೀಲು, ಕೆಳಗೆ ಮೇಲೆ ದಪ್ಪ ಅಂಚು, ಹಿಡಿಯಲು ಕೈ ತೂತು. ಖಾಲಿ ತೂಕವೇ 13 ಕಿಲೋ ಹತ್ತಿರ. ನಮ್ಮಮ್ಮ ಬಂದಿದ್ದಾಗ ನೋಡಿ, "ಒಳ್ಳೇ ಹಂಡೆಗೆ ಯಾಕೋ ಕತ್ತು ಕೊಯ್ದಿದೀಯ" ಅಂದರು.

ಒಂದು ಮಾತು ಮೊದಲೇ ತಿಳಿದಿರಲಿ. ಅಂಗಡಿಯಲ್ಲಿ ಕೆಗ್ ತಂದಾಗ ಕೊಡುವ ಠೇವಣಿ ಅದರ ಬೆಲೆ ಅಲ್ಲ. ಕೆಗ್ ಬಿಯರ್ ತಯಾರಿಸುವ ಬ್ರೂವರಿಯದು. ಠೇವಣಿ ಬಿಟ್ಟು ಕೆಗ್ ಇಟ್ಟುಕೊಂಡರೆ ಅದು ಕಳ್ಳತನವೇ. ನಾನು ತಂದದ್ದು ಒಂದು ಸಣ್ಣ ಬ್ರೂವರಿ ನೆಗ್ಗಿದ ಕೆಗ್‌ಗಳನ್ನು ಮಾರಲು ಇಟ್ಟಾಗ, ರಸೀದಿ ಸಮೇತ. ಗುಜರಿಯಲ್ಲಿ ಕೊಂಡರೂ ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಿ.

ಕತ್ತರಿಸುವ ಮೊದಲು ಒಳಗಿನ ಒತ್ತಡ ಪೂರ್ತಿ ಬಿಡಬೇಕು. ಬಾಯಿಯ ವಾಲ್ವ್ ಒತ್ತಿ ಹಿಸ್ ಅನ್ನುವುದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಇನ್ನೊಮ್ಮೆ ಒತ್ತಿ. ಒತ್ತಡವಿರುವ ಕೆಗ್‌ಗೆ ಗ್ರೈಂಡರ್ ಹಚ್ಚುವುದೆಂದರೆ ಬಾಂಬ್ ಬಿಚ್ಚಿದ ಹಾಗೆ. ಮೇಲೆ 12 ಇಂಚಿನ ವೃತ್ತ ಬರೆದು, ಸ್ಟೀಲಿಗೆಂದೇ ಬರುವ ತೆಳು ಕಟ್ಟಿಂಗ್ ವೀಲಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ಯಬೇಕು. ಮುಖಕ್ಕೆ ಶೀಲ್ಡ್, ಕಿವಿಗೆ ಹತ್ತಿ ಅಲ್ಲ, ಸರಿಯಾದ ಮಫ್. ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ, ಅದನ್ನು ಉಜ್ಜಿ ಮೊಂಡು ಮಾಡುವ ತನಕ ಒಳಗೆ ಕೈ ಹಾಕಬೇಡಿ. ನಲ್ಲಿಗೆ ತೂತು ಕೊರೆಯಲು ಸ್ಟೆಪ್ ಡ್ರಿಲ್, ನಿಧಾನ ವೇಗ, ಎಣ್ಣೆ. ಜೋರಾಗಿ ತಿರುಗಿಸಿದರೆ ಸ್ಟೀಲು ಬಿಸಿಯಾಗಿ ಇನ್ನೂ ಗಡಸಾಗುತ್ತದೆ, ಡ್ರಿಲ್ ಹಾಳು.

ಮೂರು ಮೆಟ್ಟಿಲಾ, ಒಂದೇ ಸಾಲಾ?

ಮೂರು ಮೆಟ್ಟಿಲಿನ ಸ್ಟ್ಯಾಂಡಿನಲ್ಲಿ ಬಿಸಿನೀರಿನ ಹಂಡೆ ತುದಿಯಲ್ಲಿ, ಮ್ಯಾಶ್ ನಡುವೆ, ಕುದಿಸುವ ಹಂಡೆ ಕೆಳಗೆ. ನೀರು ತಾನಾಗಿಯೇ ಇಳಿಯುತ್ತದೆ, ಪಂಪಿನ ಖರ್ಚಿಲ್ಲ. ಕಾಗದದ ಮೇಲೆ ಇದಕ್ಕಿಂತ ಅಗ್ಗದ್ದಿಲ್ಲ. ಆ ಆಸೆಗೇ ನಾನು ಮೊದಲು ಇದನ್ನು ಕಟ್ಟಿದ್ದು.

ಕಟ್ಟಿದ ಮೇಲೆ ಅಳೆದೆ. ಮೇಲಿನ ಹಂಡೆಯ ಬಾಯಿ ನೆಲದಿಂದ 83 ಇಂಚು, ಹೆಚ್ಚುಕಡಿಮೆ ಏಳಡಿ. ನನ್ನ ಎತ್ತರ ಐದಡಿ ಆರು. ಒಳಗೆ ನೀರು ಎಷ್ಟಿದೆ ಅಂತ ನೋಡಲು ಸ್ಟೂಲ್ ಹತ್ತಬೇಕು, ಥರ್ಮಾಮೀಟರ್ ಓದಲು ಹತ್ತಬೇಕು. ಒಂದು ಕೈಯಲ್ಲಿ ಟಾರ್ಚ್, ಮುಖಕ್ಕೆ ಆವಿ, ಕಾಲಡಿಯಲ್ಲಿ ಅಲುಗಾಡುವ ಸ್ಟೂಲ್, ಎದೆಯ ಮಟ್ಟದಲ್ಲಿ 75 ಡಿಗ್ರಿಯ 40 ಲೀಟರ್ ನೀರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಹೆಚ್ಚೇನೂ ಹೇಳಲಿಲ್ಲ. "ರೀ, ಇನ್ಶೂರೆನ್ಸ್ ಕಾಗದ ಎಲ್ಲಿಟ್ಟಿದೀರ?" ಅಂದಳು. ಆ ವಾರವೇ ಬಿಚ್ಚಿದೆ.

ಈಗಿನದು ಒಂದೇ ಸಾಲು. ಸ್ಟ್ಯಾಂಡಿನ ಎತ್ತರ 24 ಇಂಚು, ಅದರ ಮೇಲೆ ಕೆಗ್ 23 ಇಂಚು, ಬಾಯಿ 47 ಇಂಚಿಗೆ ಬರುತ್ತದೆ. ನೆಲದ ಮೇಲೆ ನಿಂತೇ ಎಲ್ಲ ಕಾಣುತ್ತದೆ. ಪಂಪಿಗೆ ದುಡ್ಡು ಹೋಯಿತು, ಆ ಬಗ್ಗೆ ಒಂದು ದಿನವೂ ಬೇಜಾರಾಗಿಲ್ಲ. ಬಜೆಟ್ ಅಂದರೆ ಎಲ್ಲಿ ಉಳಿಸುವುದು ಅನ್ನುವುದಕ್ಕಿಂತ ಎಲ್ಲಿ ಉಳಿಸಬಾರದು ಅನ್ನುವ ಲೆಕ್ಕ. ಬೆಂಕಿ, ಭಾರ, ಕುದಿನೀರು ಈ ಮೂರು ಇರುವ ಕಡೆ ಜಿಪುಣತನ ಬೇಡ. ಮಿಕ್ಕ ಕಡೆ ಧಾರಾಳವಾಗಿ ಜಿಪುಣರಾಗಿ.

ಯಾವ ಕಬ್ಬಿಣ? ಎಷ್ಟು ಬೇಕಾಗುತ್ತದೆ?

ಒಂದೂವರೆ ಇಂಚಿನ ಸ್ಕ್ವೇರ್ ಪೈಪ್, 14 ಗೇಜ್, ಸಾದಾ ಮೈಲ್ಡ್ ಸ್ಟೀಲ್. ನನ್ನ ಸ್ಟ್ಯಾಂಡ್ ಉದ್ದ 60 ಇಂಚು, ಅಗಲ 18. ಮೂರು ಪಾತ್ರೆಗೆ ತಲಾ 16 ಇಂಚು, ನಡುವೆ ಆರಾರು ಇಂಚು ಬಿಡುವು. ಕಾಲಿಗೆ 8 ಅಡಿ, ಮೇಲಿನ ಚೌಕಟ್ಟು ಮತ್ತು ನಾಲ್ಕು ಅಡ್ಡಪಟ್ಟಿಗೆ 19, ಕೆಳಗಿನ ಚೌಕಟ್ಟಿಗೆ 13, ಒಟ್ಟು 40 ಅಡಿ. ಇಪ್ಪತ್ತಡಿಯ ಎರಡು ಪೈಪು ಅಂತ ಲೆಕ್ಕ ಸರಿಹೋಗುತ್ತದೆ, ಆದರೆ ಕೊಯ್ಯುವಾಗ ಹೋಗುವುದಕ್ಕೆ ಅಂತ ಒಂದು ತುಂಡು ಹೆಚ್ಚಿಗೆ ತನ್ನಿ. ಪೈಪಿನ ತೂಕವೇ 29 ಕಿಲೋ. ತುಂಬಿದ ಕೆಗ್ ಒಂದೊಂದೂ 60 ಕಿಲೋ ಮುಟ್ಟುತ್ತದೆ. ಕೂಲರ್ ಸೇರಿದರೆ ಒಟ್ಟು ಒಂದೂವರೆ ಕ್ವಿಂಟಾಲ್ ಮೇಲೆ. ಊರಿನ ಅಕ್ಕಿ ಮೂಟೆ ನೆನಪಿಸಿಕೊಳ್ಳಿ, ಅದೂ ಕುದಿಯುತ್ತಿರುವ ಮೂಟೆ.

ಜಿ.ಐ. ಪೈಪ್ ಮುಟ್ಟಬೇಡಿ. ಮೇಲಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಹೊಗೆಯಾಗುತ್ತದೆ, ಉಸಿರಾಡಿದವರಿಗೆ ಆ ರಾತ್ರಿ ಚಳಿಜ್ವರ ಹಿಡಿಯುತ್ತದೆ. ರಸ್ತೆ ಬದಿ ಪುಕ್ಕಟೆ ಸಿಗುವ ಹಳೇ ಮಂಚದ ಎಲ್ ಆಂಗಲ್ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಅದು ಎಷ್ಟು ಗಡಸೆಂದರೆ ಒಂದು ತೂತು ಕೊರೆಯಲು ಮೂರು ಡ್ರಿಲ್ ಬಿಟ್ ಬಲಿ ಕೊಟ್ಟೆ. ಕೆಳಗಿನ ಹಲಗೆಯ ಆಸರೆಗೆ ಬಳಸಿ, ಹಂಡೆಯ ಅಡಿಗೆ ಬೇಡ.

ಬಣ್ಣ ಬಾರ್ಬೆಕ್ಯೂ ಒಲೆಗೆ ಬಳಿಯುವ ಹೈ ಟೆಂಪರೇಚರ್ ಬಣ್ಣವೇ ಆಗಬೇಕು. ಅದೂ ಬರ್ನರಿನ ಪಕ್ಕ ಒಂದೇ ಸೀಸನ್ನಿಗೆ ಸಿಪ್ಪೆ ಏಳುತ್ತದೆ. ನಾನು ವರ್ಷಕ್ಕೊಮ್ಮೆ ಉಜ್ಜಿ ಬಳಿಯುತ್ತೇನೆ, ದೀಪಾವಳಿಗೆ ಮುಂಚೆ.

ಮರದಲ್ಲಿ ಕಟ್ಟಿದರೆ?

ಬೆಂಕಿ ಇಲ್ಲದ ಪಾತ್ರೆಗೆ ಮರ ಚೆನ್ನಾಗಿಯೇ ಆಗುತ್ತದೆ. ಕೂಲರನ್ನು ಎತ್ತರದಲ್ಲಿಡಲು 2x4 ಮರದ ಮೇಜು ಸಾಕು. ಬರ್ನರ್ ಇರುವ ಕಡೆ ಮರ ಬೇಡ, ಸಿಮೆಂಟ್ ಶೀಟ್ ಹೊದಿಸಿದ್ದೇವೆ ಅಂದರೂ ಬೇಡ. ಕಾಂಕ್ರೀಟ್ ಬ್ಲಾಕ್ ಪೇರಿಸುವವರೂ ಇದ್ದಾರೆ. ನೆಲದ ಮೇಲೆ ಒಂದು ಸಾಲು ಸರಿ, ಆದರೆ ಉರಿ ನೇರ ತಗಲಿದರೆ ಕಾಂಕ್ರೀಟ್ ಸಿಡಿಯುತ್ತದೆ.

ನನಗೆ ವೆಲ್ಡಿಂಗ್ ಬರುವುದಿಲ್ಲ.

ನನಗೂ ಬರುತ್ತಿರಲಿಲ್ಲ. ತುಮಕೂರಿನಲ್ಲಾದರೆ ಇಂಥ ಸ್ಟ್ಯಾಂಡನ್ನು ಬೀದಿ ಬದಿಯ ವೆಲ್ಡಿಂಗ್ ಶಾಪಿನವರು ಚಹಾ ಕುಡಿದು ಬರುವುದರೊಳಗೆ ಕಟ್ಟಿಬಿಡುತ್ತಾರೆ. ಇಲ್ಲಿ ಕಬ್ಬಿಣಕ್ಕಿಂತ ಕೂಲಿ ಜಾಸ್ತಿ. ಕಮ್ಯುನಿಟಿ ಕಾಲೇಜುಗಳಲ್ಲಿ ಸಂಜೆ ವೆಲ್ಡಿಂಗ್ ತರಗತಿ ಇರುತ್ತದೆ. ನಾನು ಅಲ್ಲಿ ಸೇರಿ, ತರಗತಿಯ ಪ್ರಾಜೆಕ್ಟ್ ಅಂತ ಇದನ್ನೇ ಮಾಡಿದೆ. ನನ್ನ ಬೆಸುಗೆ ನೋಡಲು ಚೆಂದವಿಲ್ಲ, ಹಪ್ಪಳದ ಹಿಟ್ಟು ಮೆತ್ತಿದ ಹಾಗಿದೆ. ಕಲಿಸಿದವರು ಸುತ್ತಿಗೆಯಲ್ಲಿ ಹೊಡೆದು ನೋಡಿ, ಅದರ ಮೇಲೆ ತಾವೇ ಹತ್ತಿ ಕುಣಿದು, ಪರವಾಗಿಲ್ಲ ಅಂದರು.

ಅದೂ ಬೇಡ ಅನ್ನುವವರಿಗೆ ಸ್ಟ್ರಟ್ ಚಾನೆಲ್ ಅನ್ನುವ ತೂತಿರುವ ಕಬ್ಬಿಣದ ಪಟ್ಟಿ ಇದೆ, ನಟ್ಟು ಬೋಲ್ಟಿನಲ್ಲೇ ಕೂಡಿಸಬಹುದು. ಬೆಲೆ ಹೆಚ್ಚು, ಆದರೆ ತಪ್ಪಾದರೆ ಬಿಚ್ಚಿ ಕಟ್ಟಬಹುದು. ಅಂಗಡಿಯಲ್ಲಿ ಸಿಗುವುದಕ್ಕೆ ಸತುವಿನ ಲೇಪ ಇರುವುದೇ ಹೆಚ್ಚು, ಹಾಗಾಗಿ ಅದನ್ನು ಉರಿಯಿಂದ ದೂರ ಇಡಿ.

ಬರ್ನರ್ ಯಾವುದು?

ಟರ್ಕಿ ಕೋಳಿ ಕರಿಯುವ ಸೆಟ್ಟಿನ ಜೊತೆ ಬರುವ ಬರ್ನರ್ 5 ಗ್ಯಾಲನ್ನಿಗೆ ಸಾಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರ ಅರ್ಧ ಬೆಲೆಗೂ ಸಿಗುತ್ತದೆ, ಯಾರೋ ಒಂದೇ ಸಲ ಬಳಸಿ ಬಿಟ್ಟದ್ದೂ ಸಿಗುತ್ತದೆ. 10 ಗ್ಯಾಲನ್ನಿಗೆ 10 ಇಂಚಿನ ಬ್ಯಾಂಜೊ ಬರ್ನರ್ ಒಳ್ಳೆಯದು: ಎರಕದ ಕಬ್ಬಿಣದ ದುಂಡು ತಟ್ಟೆ, ನಮ್ಮ ಮದುವೆ ಮನೆ ಒಲೆಯ ಅಣ್ಣ. ಬರ್ನರಿನ ಮೇಲ್ಭಾಗದಿಂದ ಹಂಡೆಯ ಅಡಿಗೆ ನಾಲ್ಕು ಇಂಚಿನಿಂದ ಶುರು ಮಾಡಿ, ಉರಿ ನೋಡಿಕೊಂಡು ಹೊಂದಿಸಿ. ಬೆಸುಗೆ ಹಾಕುವ ಮೊದಲು ಇದನ್ನು ಇಟ್ಟಿಗೆ ಮೇಲೆ ಇಟ್ಟು ಪರೀಕ್ಷಿಸುವುದು ಬುದ್ಧಿವಂತಿಕೆ. ಉರಿ ನೀಲಿ ಇರಬೇಕು. ಹಳದಿಯಾಗಿ ಹಂಡೆಯ ತಳ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲದು, ಬರ್ನರಿನ ಬುಡದ ಗಾಳಿ ತಟ್ಟೆ ತೆರೆಯಿರಿ.

ರೆಗ್ಯುಲೇಟರ್ ಬರ್ನರಿಗೆ ತಕ್ಕದ್ದೇ ಆಗಬೇಕು. ಹೈ ಪ್ರೆಶರ್ ಬರ್ನರಿಗೆ ಬಾರ್ಬೆಕ್ಯೂ ರೆಗ್ಯುಲೇಟರ್ ಹಾಕಿದರೆ ಅಗರಬತ್ತಿಯಷ್ಟು ಉರಿ ಬರುತ್ತದೆ. ಲೋ ಪ್ರೆಶರ್ ಬರ್ನರಿಗೆ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಇನ್ನೂ ಅಪಾಯ. ಗ್ಯಾಸ್ ಕೊಳವೆಗೆ ಕಪ್ಪು ಕಬ್ಬಿಣದ ಪೈಪ್, ಪ್ರತಿ ಬರ್ನರಿಗೆ ಬೇರೆ ವಾಲ್ವ್. ಪೈಪಿನ ತಿರುಪು ಗೀರುಗಳಿಗೆ (ಥ್ರೆಡ್) ಗ್ಯಾಸಿಗೆಂದೇ ಬರುವ ಹಳದಿ ಟೇಪ್, ಬಾಯಿ ಅಗಲಿಸಿದ ಫ್ಲೇರ್ ಫಿಟ್ಟಿಂಗಿಗೆ ಟೇಪ್ ಬೇಡ. ಪ್ರತಿ ಸಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಸ್ಟ್ಯಾಂಡಿನ ಪೈಪನ್ನೇ ಗ್ಯಾಸ್ ಕೊಳವೆ ಮಾಡಿಕೊಳ್ಳುವವರಿದ್ದಾರೆ, ನೋಡಲು ಅಚ್ಚುಕಟ್ಟು. ಹಪ್ಪಳದ ಹಿಟ್ಟಿನ ಬೆಸುಗೆಯವರು ಆ ಸಾಹಸ ಮಾಡಬಾರದು.

ಮೊದಲ ರಾತ್ರಿ ನಡೆದದ್ದು ಹೇಳುತ್ತೇನೆ. ಕುದಿ ಬಂದಿತ್ತು, ನಾನು ಹಾಪ್ಸ್ ತೂಗುತ್ತಿದ್ದೆ. ಹಂಡೆಯ ಬದಿಯಿಂದ ಒಂದು ಸಣ್ಣ ನೀಲಿ ಹನಿ, ಬೆಂಕಿ ಹೊತ್ತಿಕೊಂಡು, ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ನಲ್ಲಿಯ ಹಿಡಿಗೆ ಹಾಕಿರುತ್ತಾರಲ್ಲ ಪ್ಲಾಸ್ಟಿಕ್ ತೊಗಟೆ, ಅದು ಹಂಡೆಯ ಬದಿಗೆ ನೆಕ್ಕಿ ಬರುವ ಉರಿಗೆ ಕರಗಿ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನಲ್ಲೆಲ್ಲ ಸುಟ್ಟ ಟೈರಿನ ವಾಸನೆ. ಈಗ ಎಲ್ಲ ನಲ್ಲಿಯ ತೊಗಟೆ ಮೊದಲೇ ಸುಲಿದು ಬಿಸಾಡುತ್ತೇನೆ, ನಲ್ಲಿಯ ಕೆಳಗೆ ಅಂಗೈಯಗಲ ತಗಡು ಬಗ್ಗಿಸಿ ಉರಿಗೆ ಅಡ್ಡ ಕಟ್ಟಿದ್ದೇನೆ, ಕೈಗೆ ಚರ್ಮದ ಗ್ಲೌಸ್. ತಗಡಿಗೆ ಖರ್ಚು ಸೊನ್ನೆ, ಹಳೇ ಬೇಕಿಂಗ್ ಟ್ರೇ. ಕೂಲರಿನ ಎರಡೂ ಕಡೆ ಅಂಥದ್ದೇ ತಗಡು ನಿಲ್ಲಿಸಿ, ಇಲ್ಲದಿದ್ದರೆ ಅದೂ ಕರಗುತ್ತದೆ.

ಗ್ಯಾರೇಜಿನ ಒಳಗೆ ಹಚ್ಚಬಹುದಾ? ಬೇಸ್‌ಮೆಂಟಿನಲ್ಲಿ?

ಬೇಸ್‌ಮೆಂಟಿನಲ್ಲಿ ಯಾವತ್ತೂ ಬೇಡ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂತು ಕಿಡಿಗಾಗಿ ಕಾಯುತ್ತದೆ. ಉರಿದದ್ದೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ. ನನ್ನ ಸ್ಟ್ಯಾಂಡಿಗೆ ಗಾಲಿಗಳಿರುವುದು ಇದಕ್ಕೇ: ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಡ್ರೈವ್‌ವೇಗೆ ಬಂದು ಉರಿಯುತ್ತದೆ. ಖಾಲಿ ಇದ್ದಾಗ ಮಾತ್ರ ತಳ್ಳುವುದು. ಗಾಲಿ ಲಾಕ್ ಇರುವಂಥದ್ದು, ಕಬ್ಬಿಣದ್ದು. ರಬ್ಬರಿನವು ಮೆತ್ತಗಾಗಿ ಚಪ್ಪಟೆಯಾಗುತ್ತವೆ.

ಜನವರಿಯಲ್ಲೂ ಉರಿಯುತ್ತದಾ ಅಂತ ಕೇಳುತ್ತೀರಿ. ಉರಿಯುತ್ತದೆ. ಊರಿನ 14.2 ಕಿಲೋ ಸಿಲಿಂಡರಿನ ಎಲ್‌ಪಿಜಿಯಲ್ಲಿ ಬ್ಯುಟೇನ್ ಕೂಡ ಬೆರೆತಿರುತ್ತದೆ, ಅದು ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗಲು ಒಲ್ಲೆ ಅನ್ನುತ್ತದೆ. ಇಲ್ಲಿಯ 20 ಪೌಂಡ್, ಅಂದರೆ 9 ಕಿಲೋ ಸಿಲಿಂಡರಿನಲ್ಲಿರುವ ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ. ಎರಡು ಬರ್ನರ್ ಜೋರಾಗಿ ಎಳೆದಾಗ ಸಿಲಿಂಡರ್ ಮೈಮೇಲೆ ಮಂಜು ಕಟ್ಟಿ ಒತ್ತಡ ಇಳಿಯುತ್ತದೆ. ಅಗಲ ಟಬ್ಬಿನಲ್ಲಿ ತಣ್ಣೀರು ತುಂಬಿ ಸಿಲಿಂಡರ್ ನಿಲ್ಲಿಸಿದರೆ ಸರಿಹೋಗುತ್ತದೆ. ಬಿಸಿನೀರಲ್ಲ, ತಣ್ಣೀರು.

ಗ್ಯಾಸ್ ಬೇಡ, ಕರೆಂಟಿನಲ್ಲಿ ಮಾಡಿದರೆ?

ಒಳಗೆ ಮಾಡುವವರಿಗೆ ಅದೇ ಸರಿ. ಲೆಕ್ಕ ಮಾತ್ರ ನೋಡಿಕೊಳ್ಳಿ. ಆರೂವರೆ ಗ್ಯಾಲನ್ ನೀರನ್ನು 15 ಡಿಗ್ರಿಯಿಂದ ಕುದಿಗೆ ತರಲು ಸುಮಾರು ಎರಡೂವರೆ ಯೂನಿಟ್ ಬೇಕು. ಅಮೆರಿಕದ ಸಾದಾ 120 ವೋಲ್ಟ್ ಪ್ಲಗ್ಗಿನಲ್ಲಿ 1500 ವಾಟ್ ಎಲಿಮೆಂಟ್ ಹಾಕಿದರೆ ಒಂದೂ ಮುಕ್ಕಾಲು ತಾಸಿನ ಹತ್ತಿರ, ಅದೂ ಹಂಡೆಗೆ ಕಂಬಳಿ ಹೊದಿಸಿದರೆ. 240 ವೋಲ್ಟಿನ 5500 ವಾಟ್ ಎಲಿಮೆಂಟಿಗೆ ಅರ್ಧ ತಾಸು, ಆದರೆ 23 ಆಂಪ್ ಎಳೆಯುತ್ತದೆ, 30 ಆಂಪಿನ ಬೇರೆ ಲೈನ್ ಬೇಕು. ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಜಿಎಫ್‌ಸಿಐ ಇಲ್ಲದೆ ನೀರು ಮತ್ತು ಕರೆಂಟನ್ನು ಹತ್ತಿರ ತರಬೇಡಿ. ಬಟ್ಟೆ ಒಣಗಿಸುವ ಮೆಷಿನ್ನಿನ ಪ್ಲಗ್ ಇದೆಯಲ್ಲ ಅಂತ ಕೆಲವರು ಖುಷಿಪಡುತ್ತಾರೆ. ಹಳೇ ಮನೆಯ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಪ್ರತ್ಯೇಕ ಅರ್ಥ್ ಇರುವುದಿಲ್ಲ. ಇಲ್ಲಿ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಿ. ಬಜೆಟ್ಟಿನ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ.

ಮ್ಯಾಶಿಗೆ ಪ್ಲಾಸ್ಟಿಕ್ ಕೂಲರ್ ಸಾಕಾ?

ಧಾರಾಳ. ರಸ್ತೆ ಕೆಲಸದವರ ಲಾರಿಯ ಹಿಂದೆ ನೀರು ತುಂಬಿ ಕಟ್ಟಿರುವ 10 ಗ್ಯಾಲನ್ನಿನ ದುಂಡು ಕೂಲರ್. ಮೊದಲು ಬಿಸಿನೀರು ತುಂಬಿ ಕಾಯಿಸಿಟ್ಟರೆ ಒಂದು ತಾಸಿನಲ್ಲಿ ಒಂದೆರಡು ಡಿಗ್ರಿಯಷ್ಟೇ ಇಳಿಯುತ್ತದೆ. 9 ಕಿಲೋ ಮಾಲ್ಟ್ ಹಿಡಿಸುತ್ತದೆ, 10 ಗ್ಯಾಲನ್ ಸಾಧಾರಣ ಬಿಯರಿಗೆ ಅಷ್ಟು ಸಾಕು. ಮೂಲ ನಲ್ಲಿ ಬಿಚ್ಚಿ ಅದೇ ತೂತಿಗೆ ಸ್ಟೀಲ್ ಬಾಲ್ ವಾಲ್ವ್ ಕೂರಿಸಿ.

ಒಳಗೆ ಜರಡಿ ಬೇಕು. ತೂತಿನ ಸ್ಟೀಲ್ ತಟ್ಟೆ ಚೆಂದ, ಬೆಲೆ ಜಾಸ್ತಿ. ನಾನು ಮಾಡಿದ್ದು ಹೀಗೆ: ಪ್ಲಂಬಿಂಗ್ ಅಂಗಡಿಯ ಸ್ಟೀಲ್ ಹೆಣಿಗೆಯ ನೀರಿನ ಹೋಸ್ ತಂದು, ಎರಡೂ ತುದಿ ಕೊಯ್ದು, ಒಳಗಿನ ರಬ್ಬರ್ ಎಳೆದು ತೆಗೆದೆ. ಹೆಣಿಗೆಯನ್ನು ಜಗ್ಗಿದರೆ ಸಪೂರವಾಗಿ ರಬ್ಬರನ್ನು ಹಿಡಿದುಕೊಳ್ಳುತ್ತದೆ, ಎರಡು ತುದಿಯಿಂದ ಒಳಕ್ಕೆ ದೂಡಿದರೆ ಉಬ್ಬಿ ಬಿಡುತ್ತದೆ. ಹತ್ತು ನಿಮಿಷ ಒದ್ದಾಡಿದ ಮೇಲೆ ಈ ಬುದ್ಧಿ ಬಂತು. ಒಂದು ತುದಿ ಮಡಿಸಿ ಮುಚ್ಚಿ, ಇನ್ನೊಂದನ್ನು ನಲ್ಲಿಗೆ ಕ್ಲಿಪ್ ಹಾಕಿ ಕಟ್ಟಿದರೆ ಜರಡಿ ತಯಾರು. ಮೊದಲ ಒಂದೆರಡು ಲೀಟರ್ ಹೊಟ್ಟು ಸಮೇತ ಬರುತ್ತದೆ, ಅದನ್ನು ಮೆಲ್ಲಗೆ ವಾಪಸ್ ಮೇಲೆ ಹುಯ್ಯಿರಿ. ನಲ್ಲಿ ಪೂರ್ತಿ ತೆರೆದು ಅವಸರ ಮಾಡಿದರೆ ಕಾಳು ಒತ್ತಿಕೊಂಡು ಕಟ್ಟಿಕೊಳ್ಳುತ್ತದೆ.

ಪಂಪ್ ಎಷ್ಟು ಬೇಕು?

ಒಂದೇ. ಸ್ಪಾರ್ಜ್ ನೀರನ್ನು ಒಂದೇ ಸಲ ಹುಯ್ದು, ಕಲಕಿ, ಬಸಿಯುವ ಬ್ಯಾಚ್ ಸ್ಪಾರ್ಜ್ ಮಾಡಿದರೆ ಕೆಲಸಗಳು ಒಂದಾದ ಮೇಲೊಂದು ಬರುತ್ತವೆ, ಹೋಸ್ ಬದಲಿಸಿಕೊಂಡರಾಯಿತು. ಕುದಿ ಬಿಸಿ ತಡೆಯುವ ಮ್ಯಾಗ್ನೆಟ್ ಡ್ರೈವ್ ಪಂಪ್ ತನ್ನಿ. ಮೀನಿನ ತೊಟ್ಟಿಯ ಪಂಪ್ ಬೇಡ. ಇದು ತಾನಾಗಿ ನೀರು ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಹಂಡೆಗಿಂತ ಕೆಳಗೆ ಕೂರಿಸಿ, ನೀರು ತುಂಬಿಸಿ, ಆಮೇಲೆ ಸ್ವಿಚ್ ಹಾಕಿ. ನೀರು ಹೊರಡುವ ಬಾಯಿ ಮೇಲ್ಮುಖವಾಗಿರಲಿ, ಗಾಳಿ ಹೊರಟುಹೋಗುತ್ತದೆ. ವೇಗ ತಗ್ಗಿಸುವ ವಾಲ್ವ್ ಹೊರಹೋಗುವ ಕಡೆಗೇ ಇರಬೇಕು. ಒಳಬರುವ ಕಡೆ ಬಿಗಿದರೆ ಪಂಪ್ ಬರಿ ಗಾಳಿ ಅಗಿಯುತ್ತದೆ.

ಹಿತ್ತಾಳೆ ನಲ್ಲಿ ಆಗುತ್ತದಾ?

ಸ್ಟೀಲಿಗಿಂತ ಅಗ್ಗ, ಆಗುತ್ತದೆ. ಕೆಲವು ಹಿತ್ತಾಳೆಯ ಮೇಲ್ಮೈಯಲ್ಲಿ ಸ್ವಲ್ಪ ಸೀಸ ಇರುತ್ತದೆ. ಎರಡು ಭಾಗ ಬಿಳಿ ವಿನೆಗರ್, ಒಂದು ಭಾಗ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಐದು ಹತ್ತು ನಿಮಿಷ ಮುಳುಗಿಸಿದರೆ ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ, ಆಗ ತೆಗೆದು ತೊಳೆಯಿರಿ. ಹಸಿರಾಗುವ ತನಕ ಬಿಟ್ಟರೆ ತಾಮ್ರವೇ ಕರಗತೊಡಗಿದೆ ಅಂತ ಅರ್ಥ. ಹೋಸ್ ಮಾತ್ರ ಅರ್ಧ ಇಂಚಿನ ಸಿಲಿಕೋನ್‌ನದೇ ಇರಲಿ, ಪ್ರತಿ ತುದಿಗೂ ಕ್ಲಿಪ್ ಹಾಕಿ. ಸಾದಾ ವಿನೈಲ್ ಹೋಸ್ ಕುದಿ ಬಿಸಿಗೆ ಬೇಯಿಸಿದ ಶಾವಿಗೆಯಾಗಿ ಜಾರಿಬಿಡುತ್ತದೆ. ಆ ದಿನ ನಾನು ಚಪ್ಪಲಿಯಲ್ಲಿದ್ದೆ. ಈಗ ಶೂ ಹಾಕದೆ ಸ್ಟ್ಯಾಂಡಿನ ಹತ್ತಿರ ಹೋಗುವುದಿಲ್ಲ.

ತಣಿಸುವುದು ಹೇಗೆ?

50 ಅಡಿ ಉದ್ದದ, 3/8 ಇಂಚು ದಪ್ಪದ ತಾಮ್ರದ ಮೆತ್ತನೆ ಪೈಪನ್ನು ಯಾವುದಾದರೂ ದುಂಡು ಡಬ್ಬಿಗೆ ನಿಧಾನ ಸುತ್ತಿದರೆ ಚಿಲ್ಲರ್ ಆಯಿತು. ಕುದಿ ಮುಗಿಯಲು ಹದಿನೈದು ನಿಮಿಷ ಇರುವಾಗ ಹಂಡೆಯೊಳಗೆ ಮುಳುಗಿಸಿ, ಕುದಿಯಲ್ಲೇ ಶುದ್ಧವಾಗುತ್ತದೆ. ಒಲೆ ಆರಿಸಿ ಪೈಪಿನಲ್ಲಿ ನಲ್ಲಿ ನೀರು ಹರಿಸಿ. ಮೊದಲು ಬರುವ ಬಿಸಿನೀರನ್ನು ಪಾತ್ರೆ ತೊಳೆಯಲು ಹಿಡಿದಿಡುತ್ತೇವೆ.

ಒಟ್ಟು ಎಷ್ಟು ಖರ್ಚಾಯಿತು?

ಚೀಟಿಗಳನ್ನೆಲ್ಲ ಒಂದು ಕಾಫಿ ಡಬ್ಬದಲ್ಲಿ ಹಾಕಿಟ್ಟಿದ್ದೆ. ಕಬ್ಬಿಣ, ಕಟ್ಟಿಂಗ್ ವೀಲ್, ಬಣ್ಣಕ್ಕೆ 144 ಡಾಲರ್. ಎರಡು ಬರ್ನರ್, ರೆಗ್ಯುಲೇಟರ್, ಗ್ಯಾಸ್ ಪೈಪಿಗೆ 153. ಎರಡು ಕೆಗ್ ಮತ್ತು ಒಬ್ಬರು ಬಳಸಿ ಬಿಟ್ಟ ಕೂಲರ್ 105. ನಲ್ಲಿ, ಫಿಟ್ಟಿಂಗ್, ಹೋಸ್ 126. ಪಂಪ್ 120. ತಾಮ್ರ 55. ಒಟ್ಟು 703. ಪಾತ್ರೆಗಳಿಗಿಂತ ಅವುಗಳ ನಲ್ಲಿಗೇ ಹೆಚ್ಚು ಹೋಗಿದೆ ನೋಡಿ, ಮೂಗಿಗಿಂತ ಮೂಗುತಿ ಭಾರ. ವೆಲ್ಡಿಂಗ್ ತರಗತಿಯ ಫೀಸು ಇದರಲ್ಲಿಲ್ಲ, ಅದು ವಿದ್ಯಾಭ್ಯಾಸದ ಖಾತೆಗೆ. ಬಿಚ್ಚಿ ಬಿಸಾಡಿದ ಮೊದಲ ಸ್ಟ್ಯಾಂಡಿನದೂ ಇಲ್ಲ, ಅದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಊರಿನ ಬೆಲೆ ಬೇರೆ ಇರುತ್ತದೆ.

ಹಣ ಒಟ್ಟಿಗೆ ಇಲ್ಲದಿದ್ದರೆ ಈ ಕ್ರಮದಲ್ಲಿ ತನ್ನಿ: ಮೊದಲು ಹಂಡೆ ಮತ್ತು ಬರ್ನರ್, ಆಮೇಲೆ ಚಿಲ್ಲರ್, ಆಮೇಲೆ ಕೂಲರ್. ಸ್ಟ್ಯಾಂಡ್ ಮತ್ತು ಪಂಪ್ ಕೊನೆಗೆ. ಹೀಗೆ ಮಾಡಿದರೆ ಪ್ರತಿ ಹಂತದಲ್ಲೂ ಬಿಯರ್ ಆಗುತ್ತಲೇ ಇರುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಹಾಗಾದರೆ ಅವರು ಮಲಗಿದ ಮೇಲೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ದಾಟಬಾರದು ಅಂದರೆ ಅದು ಆಟವಾಗುತ್ತದೆ, ಅನುಭವದ ಮಾತು.

ಬಸಿದ ಕಾಳನ್ನು ಏನು ಮಾಡುತ್ತೀರಿ?

ಪಕ್ಕದ ಬೀದಿಯಲ್ಲಿ ಕೋಳಿ ಸಾಕಿದವರಿದ್ದಾರೆ, ಅರ್ಧ ಅವರಿಗೆ. ಉಳಿದದ್ದರಲ್ಲಿ ಎರಡು ಹಿಡಿ ಮಿಕ್ಸಿಯಲ್ಲಿ ತಿರುವಿ, ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿಸಿ ರೊಟ್ಟಿ ತಟ್ಟುತ್ತೇವೆ. ಸಿಪ್ಪೆ ಹಲ್ಲಿಗೆ ಸಿಗುತ್ತದೆ, ರುಚಿ ಚೆನ್ನಾಗಿದೆ. ಕುದಿಸಿದ ಹಂಡೆಯ ತಳದಲ್ಲಿ ಉಳಿಯುವ ಹಾಪ್ಸ್ ಮಾತ್ರ ನೇರ ಕಸಕ್ಕೆ, ಮುಚ್ಚಳ ಬಿಗಿದು. ನಾಯಿಗೆ ಅದು ವಿಷ, ಬೀದಿಯ ನಾಯಿಗಳಿಗೆಲ್ಲ ಆ ಸಿಹಿ ವಾಸನೆ ಮೂರು ಮನೆಯಾಚೆಯಿಂದಲೇ ಗೊತ್ತಾಗುತ್ತದೆ.